ಬಿಲ್ಲು ಕಲಿತು ಯಾರಿಗೆ ಹೊಡೀತೀಯ?

ನಗೋಯಾದಲ್ಲಿ ನಾನು ಕ್ಯೂದೋ ಕಲಿಯುತ್ತಿದ್ದೇನೆ. ಜಪಾನಿನ ಬಿಲ್ಲುವಿದ್ಯೆ. ಊರಿಗೆ ಫೋನ್ ಮಾಡಿದರೆ ಸಾಕು, ಯಾರಾದರೂ ಒಬ್ಬರು ಕೇಳುತ್ತಾರೆ: "ಅದನ್ನ ಕಲಿತು ಯಾರಿಗೆ ಹೊಡೀತೀಯ?" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗುವೂ ಬರುತ್ತಿಲ್ಲ.

ಯಾರಿಗೂ ಹೊಡೆಯೋಲ್ಲ. 28 ಮೀಟರ್ ದೂರದಲ್ಲಿ 36 ಸೆಂಟಿಮೀಟರ್ ಅಗಲದ ಗುರಿ ಇದೆ. ಸದ್ಯಕ್ಕೆ ಅದಕ್ಕೂ ಹೊಡೆಯೋಲ್ಲ. ಹೊಸಬರ ಕೈಗೆ ಮೊದಲು ಸಿಗುವುದು ರಬ್ಬರ್ ಕಟ್ಟಿದ ಕೋಲು. ಆಮೇಲೆ ಬಾಣವಿಲ್ಲದ ಬಿಲ್ಲು. ಆಮೇಲೆ ಮಕಿವಾರ, ಅಂದರೆ ಬಿಗಿದು ಕಟ್ಟಿದ ಹುಲ್ಲಿನ ಪಿಂಡಿ. ಅದಿರೋದು ಎರಡು ಮೀಟರ್ ದೂರದಲ್ಲಿ. ಅದನ್ನು ತಪ್ಪಿಸೋಕೆ ಪ್ರತಿಭೆ ಬೇಕು. ನಾನೀಗ ಅಲ್ಲಿದ್ದೇನೆ. ಬ್ಲ್ಯಾಕ್ ಬೆಲ್ಟ್ ಬಂತಾ ಅಂತಲೂ ಕೇಳಬೇಡಿ. ಇಲ್ಲಿ ದಾನ್ ಅನ್ನೋ ದರ್ಜೆಗಳಿಗೆ ಪರೀಕ್ಷೆಗಳಿವೆ, ಸೊಂಟದ ಪಟ್ಟಿಯ ಬಣ್ಣ ಬದಲಾಗೋಲ್ಲ.

ಹೋದ ಸಲ ಊರಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ಎದುರು ಸಾಲಿನಿಂದ ಕೂಗಿದರು: "ಏನಮ್ಮಾ, ನಿಮ್ಮ ಮೇಷ್ಟ್ರು ದ್ರೋಣರ ಥರ ಹೆಬ್ಬೆರಳು ಕೇಳಲಿಲ್ವಾ?" ಪಂಕ್ತಿಯೆಲ್ಲ ನಕ್ಕಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾರು ಬಂತು. ಮಾತು ಸಾರಿನ ಕಡೆ ಹೋಯಿತು.

ದೊಡ್ಡಪ್ಪಾ, ಇಷ್ಟು ಜನರಲ್ಲಿ ನೆಟ್ಟಗೆ ಪ್ರಶ್ನೆ ಕೇಳಿದವರು ನೀವೊಬ್ಬರೇ, ಅದೂ ತಮಾಷೆಗೆ. ಒಲಿಂಪಿಕ್ಸ್‌ನಲ್ಲಿ ಹೆದೆ ಎಳೆಯೋದು ಮೂರು ಬೆರಳಿನಿಂದ, ಅಲ್ಲಿ ಹೆಬ್ಬೆರಳಿಗೆ ರಜೆ. ಇಲ್ಲಿ ಭಾರವೆಲ್ಲ ಅದರ ಮೇಲೇ. ಬಲಗೈಗೆ ಯುಗಾಕೆ ಅನ್ನೋ ಜಿಂಕೆ ಚರ್ಮದ ಕೈಗವಸು. ಅದರ ಹೆಬ್ಬೆರಳು ಗಟ್ಟಿ, ಮಡಚೋಕಾಗೋಲ್ಲ. ಬುಡದಲ್ಲಿ ಒಂದು ಸಣ್ಣ ಏಣು ಇರುತ್ತದೆ, ಹೆದೆ ಕೂರೋದು ಅಲ್ಲಿ. ಅದನ್ನು ಬೆರಳಲ್ಲಿ ಹಿಡಿಯಬಾರದು, ಕೊಕ್ಕೆಗೆ ಸಿಕ್ಕಿಸಿದ ಹಾಗೆ ಸುಮ್ನೆ ಇರಬೇಕು. ಆದರೆ ಎರಡು ಮೀಟರಿಗಿಂತ ಉದ್ದದ ಬಿಲ್ಲನ್ನು ತಲೆಯ ಮೇಲಿಂದ ಇಳಿಸುತ್ತಾ ಎಳೆಯುವಾಗ, ಎಲ್ಲಿ ಜಾರಿಬಿಡುತ್ತೋ ಅಂತ ಹೊಸಬರೆಲ್ಲ ಹಿಡಿದೇ ಹಿಡಿಯುತ್ತೇವೆ. ಹಿಡಿದರೆ ಬಿಡುವಾಗ ಕೈ ಜಗ್ಗುತ್ತದೆ, ಬಾಣ ಸೊಟ್ಟ ಹೋಗುತ್ತದೆ.

ನನ್ನ ಪಕ್ಕ ಒಬ್ಬ ಅಜ್ಜಿ ಅಭ್ಯಾಸ ಮಾಡುತ್ತಾರೆ. ಅವರು ಬಿಟ್ಟಿದ್ದು ಯಾವಾಗ ಅಂತಲೇ ಗೊತ್ತಾಗೋಲ್ಲ. ಬಾಣ ಹೋದ ಮೇಲೂ ಎರಡು ಕೈ ಚಾಚಿ ಗುರಿಯನ್ನೇ ನೋಡುತ್ತಾ ನಿಂತಿರುತ್ತಾರೆ. ಬಾಣ ಬಿಡೋದರ ಎಂಟು ಹಂತಗಳಲ್ಲಿ ಕೊನೆಯದು ಅದು, ಜಾನ್‌ಶಿನ್. ನನಗೆ ಅಷ್ಟು ಹೊತ್ತು ನಿಲ್ಲೋ ತಾಳ್ಮೆ ಇಲ್ಲ, ಬಾಣ ಎಲ್ಲಿ ಬಿತ್ತು ಅಂತ ಕತ್ತು ಮೊದಲೇ ಚಾಚುತ್ತದೆ.

ಮೇಷ್ಟ್ರು ಹೆಬ್ಬೆರಳು ಕೇಳಿಲ್ಲ ದೊಡ್ಡಪ್ಪಾ. ಅದನ್ನ ಸಡಿಲ ಬಿಡು, ಸಡಿಲ ಬಿಡು ಅಂತ ಬೈತಿದ್ದಾರೆ.