ಹಳೇ ಮೋಟಾರ್‌ಹೋಮ್ ರಿಪೇರಿ, ಭಾಗ 3: ಯಾವ ಪೈಪ್ ಹಾಕೋದು?

ನನ್ನ ಮೋಟಾರ್‌ಹೋಮ್‌ನಲ್ಲಿ, ಅಂದರೆ ಒಳಗೇ ಪುಟ್ಟ ಮನೆಯಿರುವ ಗಾಡಿಯಲ್ಲಿ, ಮಂಚದ ಕೆಳಗಿನ ಪ್ಲೈವುಡ್ ಕಿತ್ತಾಗ ಬೂದು ಬಣ್ಣದ ನೀರಿನ ಪೈಪ್ ಕಾಣಿಸಿತು. ಧೂಳು ಒರೆಸಿ ಟಾರ್ಚ್ ಬಿಟ್ಟು ನೋಡಿದರೆ ಮೇಲೆ 'ಪಿಬಿ2110' ಅಂತ ಅಚ್ಚು. ಯಾವುದು ಇರಬಾರದು ಅಂದುಕೊಂಡಿದ್ದೆನೋ ಅದೇ ಇತ್ತು. ಪಾಲಿಬ್ಯುಟಿಲೀನ್ ಅನ್ನುವ ಹಳೇ ಪ್ಲಾಸ್ಟಿಕ್.

ಗಾಡಿ 1991ರದ್ದು. ಇಲ್ಲಿ ಮಿಷಿಗನ್‌ನಲ್ಲಿ ವಯಸ್ಸಾದವರೊಬ್ಬರಿಂದ ಕೊಂಡದ್ದು. ಅಮೆರಿಕದಲ್ಲಿ 1978ರಿಂದ 1995ರವರೆಗೆ ಮನೆಗಳಿಗೂ ಇಂಥ ಗಾಡಿಗಳಿಗೂ ಈ ಪೈಪನ್ನೇ ಧಾರಾಳವಾಗಿ ಹಾಕುತ್ತಿದ್ದರು. ಅಗ್ಗ, ಜೊತೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ನಲ್ಲಿ ನೀರಿನ ಕ್ಲೋರಿನ್ ವರ್ಷಗಟ್ಟಲೆ ತಾಗಿ ಪೈಪೂ ಫಿಟ್ಟಿಂಗೂ ಒಳಗಿಂದಲೇ ಪೆಡಸಾಗುತ್ತವೆ. 1995ರಲ್ಲಿ ತಯಾರಕರು ಕೋರ್ಟಿನಲ್ಲಿ ಸುಮಾರು 95 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಳ್ಳಬೇಕಾಯಿತು. ಸಿಂಕಿನ ಕೆಳಗಿನ 'T' ಆಕಾರದ ಫಿಟ್ಟಿಂಗ್ ಮುಟ್ಟಿದೆ ಅಷ್ಟೇ, ಕರಿದ ಹಪ್ಪಳದ ಹಾಗೆ ಚಟ್ ಅಂತ ಮುರಿದು ಕೈಗೆ ಬಂತು. ತೇಪೆ ಹಾಕುವ ಮಾತೇ ಇಲ್ಲ. ಪೂರ್ತಿ ಕಿತ್ತು ಹಾಕೋದು ಅಂತ ಆಯಿತು.

ರಾತ್ರಿ ಹಾಸನದಿಂದ ದೊಡ್ಡಪ್ಪ ವಿಡಿಯೋ ಕಾಲ್ ಮಾಡಿದ್ದರು. "ಸಿಪಿವಿಸಿ ಹಾಕು ಕಣೋ. ಸಲ್ಯೂಷನ್ ಹಚ್ಚಿ ಅಂಟಿಸಿದ್ರೆ ಮುಗೀತು. ನಮ್ಮನೇಲಿ ಹತ್ತು ವರ್ಷದಿಂದ ಒಂದು ಹನಿ ಸೋರಿಲ್ಲ."

"ನಿಮ್ಮನೆ ಹೈವೇಲಿ ಓಡಲ್ವಲ್ಲ ದೊಡ್ಡಪ್ಪ" ಅಂದೆ. ನಕ್ಕರು. ಸಿಪಿವಿಸಿ ಗಡುಸು ಪ್ಲಾಸ್ಟಿಕ್. ದಿನವಿಡೀ ಅದುರುವ ಗಾಡಿಯಲ್ಲಿ ಅಂಟಿಸಿದ ಮೂಲೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಇನ್ನು ನೂಲಿನ ಹೆಣಿಗೆ ಇರುವ ವಿನೈಲ್ ಹೋಸ್ ಬಿಸಿನೀರಿಗೆ ಮೆತ್ತಗಾಗುತ್ತದೆ, ನೀರಿಗೆ ಪ್ಲಾಸ್ಟಿಕ್ ವಾಸನೆಯೂ ಬರುತ್ತದೆ. ಪಂಪಿನ ಗಡಗಡ ಗೋಡೆಗೆ ಹೋಗದಿರಲಿ ಅಂತ ಪಂಪಿನ ಹತ್ತಿರ ಮಾತ್ರ ಒಂದು ತುಂಡು ಹಾಕುತ್ತೇನೆ.

ಹಾಗಾಗಿ ಉಳಿದದ್ದು ಪೆಕ್ಸ್ ಅನ್ನುವ ಬಗ್ಗುವ ಪ್ಲಾಸ್ಟಿಕ್ ಪೈಪ್. ಅರ್ಧ ಇಂಚಿನ ಪೆಕ್ಸ್ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ 160 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), 82 ಡಿಗ್ರಿಯಲ್ಲಿ 100 ಪಿಎಸ್‌ಐ ತಡೆಯುತ್ತದೆ. ನನ್ನ 12 ವೋಲ್ಟ್ ಪಂಪ್ 45 ಪಿಎಸ್‌ಐಗೇ ನಿಲ್ಲುತ್ತದೆ. ಬೇಕಾದಷ್ಟಾಯಿತು. ಹೊರ ಅಳತೆ 5/8 ಇಂಚು, ಹಳೇ ಪೈಪಿನದ್ದೂ ಅಷ್ಟೇ. ಹಾಗಾಗಿ ಗೋಡೆಯ ತೂತು ದೊಡ್ಡದು ಮಾಡುವ ಕೆಲಸ ತಪ್ಪಿತು. ಒಂದೇ, ಬಿಸಿಲು ಬೀಳುವ ಕಡೆ ಹಾಕಬಾರದು.

ಪೆಕ್ಸ್‌ನಲ್ಲೂ ಎ, ಬಿ ಅಂತ ಬೇರೆ ಬೇರೆ ಬಗೆ. ತಲೆ ಕೆಟ್ಟದ್ದು ಎ ಬೇಕಾ ಬಿ ಬೇಕಾ ಅನ್ನುವುದರಲ್ಲಿ. ಎ ಜಾಸ್ತಿ ಮೆತ್ತಗೆ. ಮಡಿಕೆ ಬಿದ್ದರೆ ಹೀಟ್ ಗನ್ ಹಿಡಿದು ನೆಟ್ಟಗೆ ಮಾಡಬಹುದು. ಬಿ ಮಡಿಕೆ ಬಿದ್ದರೆ ಆ ತುಂಡು ಕತ್ತರಿಸಲೇಬೇಕು. ಎರಡು ದಿನ ಎ ಅಂತಲೇ ಇದ್ದೆ. ಆದರೆ ಸಾಮಾನ್ಯವಾಗಿ ಅದರ ತುದಿ ಹಿಗ್ಗಿಸಿ ಫಿಟ್ಟಿಂಗಿಗೆ ತೂರಿಸುತ್ತಾರೆ, ಆಮೇಲೆ ಅದು ತಾನೇ ಕುಗ್ಗಿ ಹಿಡಿಯುತ್ತದೆ. ಹಿಗ್ಗಿಸುವ ಸಾಧನ ದುಬಾರಿ. ಚಳಿಯಲ್ಲಂತೂ ಕುಗ್ಗಲು ಬಹಳ ಹೊತ್ತು. ಇಲ್ಲಿ ಈಗ ಮಾರ್ಚ್, ಇನ್ನೂ ಚಳಿ!

ಬಿ ಆದರೆ ಪೈಪಿನ ಮೇಲೆ ರಿಂಗ್ ಇಲ್ಲವೇ ಕ್ಲ್ಯಾಂಪ್ ಹಾಕಿ ಫಿಟ್ಟಿಂಗಿಗೆ ಬಿಗಿಯುವುದು. ಆದರೆ ತಾಮ್ರದ ರಿಂಗ್ ಒತ್ತುವ ಇಕ್ಕಳದ ಹಿಡಿಗಳು ಮೊಳದುದ್ದ. ಸ್ನೇಹಿತನದ್ದು ತಂದು ಸಿಂಕಿನ ಕೆಳಗೆ ತೂರಿಸಿ ನೋಡಿದೆ. ಎರಡು ಹಿಡಿ ಅಗಲಿಸಲೂ ಜಾಗವಿಲ್ಲ. ಮೊಣಕೈ ತರಚಿದ್ದೇ ಬಂತು. ಸ್ಟೀಲ್ ಕ್ಲ್ಯಾಂಪಿನ ಇಕ್ಕಳ ಬೇರೆ ಥರ. ಕ್ಲ್ಯಾಂಪಿನ ಕಿವಿಯನ್ನು ಒಂದೇ ಬದಿಯಿಂದ ಹಿಸುಕಿದರೆ ಸಾಕು, ಒಂದೇ ಕೈ. ಅಲ್ಲಿಗೆ ತೀರ್ಮಾನವಾಯಿತು: ಬಿ ಪೈಪ್, ಹಿತ್ತಾಳೆ ಫಿಟ್ಟಿಂಗ್, ಸ್ಟೀಲ್ ಕ್ಲ್ಯಾಂಪ್. ಇಷ್ಟು ದಿನ ಪೈಪ್ ಆರಿಸುತ್ತಿದ್ದೇನೆ ಅಂದುಕೊಂಡಿದ್ದೆ, ಆರಿಸುತ್ತಿದ್ದದ್ದು ಇಕ್ಕಳವನ್ನು.

ಭಾನುವಾರಕ್ಕೆ ತಣ್ಣೀರಿನ ಲೈನ್ ಮುಗಿಯಿತು. ನೀಲಿ ಪೈಪ್, ಅರವತ್ತು ಅಡಿ ಸುರುಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖರ್ಚಾಯಿತು. ತಿರುವುಗಳನ್ನು ಐದು ಇಂಚು ತ್ರಿಜ್ಯಕ್ಕಿಂತ ಬಿಗಿ ಮಾಡಲಿಲ್ಲ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಒಂದು ವಾಲ್ವ್ ಇಟ್ಟೆ. ನೀರು ಹೆಪ್ಪುಗಟ್ಟಿದರೆ ಪೆಕ್ಸ್ ಹಿಗ್ಗಿ ಬಚಾವಾಗಬಹುದು, ಫಿಟ್ಟಿಂಗ್ ಬಚಾವಾಗಲ್ಲ.

ರಾತ್ರಿ ಪಂಪ್ ಆನ್ ಮಾಡಿ, ನಲ್ಲಿಗಳನ್ನೆಲ್ಲ ಮುಚ್ಚಿ ಒಳಗೇ ಮಲಗಿದೆ. ಅರ್ಧ ಗಂಟೆಗೊಮ್ಮೆ ಪಂಪ್ ತಾನೇ 'ಟುರ್' ಅಂತ ಒಂದು ಸಲ. ಎಲ್ಲೋ ಒತ್ತಡ ಇಳಿಯುತ್ತಿದೆ ಅಂತ ಅರ್ಥ. ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಒತ್ತುತ್ತಾ ಹೋದೆ. ಟಾಯ್ಲೆಟ್ ಹಿಂದಿನ ಎಲ್ಬೋದಲ್ಲಿ ಒದ್ದೆ. ಕ್ಲ್ಯಾಂಪ್ ಪೈಪಿನ ತುದಿಯಿಂದ 3ರಿಂದ 6 ಮಿಲಿಮೀಟರ್ ಒಳಗೆ ಕೂರಬೇಕು. ನಾನು ಆತುರದಲ್ಲಿ ತುದಿಗೇ ಹಿಸುಕಿದ್ದೆ. ಕತ್ತರಿಸಿ ಹೊಸದು ಹಾಕಿದೆ. ಬೆಳಗಿನ ತನಕ ಪಂಪ್ ಚಕಾರ ಎತ್ತಲಿಲ್ಲ.

ಮುಂದಿನ ವಾರ ಕೆಂಪು ಪೈಪ್, ಗೀಸರ್ ಕಡೆ.