‘ರನ್’ ಕ್ರಿಯಾಪದವೂ ನಮ್ಮ ‘ಹರಿ’ಯೂ

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ‘ಹಿ ರನ್ಸ್ ಎ ಹೋಟೆಲ್’ ಎಂಬ ವಾಕ್ಯವನ್ನು ‘ಅವನು ಹೋಟೆಲನ್ನು ಓಡುತ್ತಾನೆ’ ಎಂದು ಕನ್ನಡಕ್ಕೆ ತಂದಿದ್ದಳು. ನಾನು ‘ನಡೆಸುತ್ತಾನೆ’ ಎಂದು ತಿದ್ದಿಕೊಟ್ಟೆ. ‘ಹಾಗಾದರೆ ರನ್ ಎಂದರೆ ಓಡುವುದೋ ನಡೆಯುವುದೋ, ಮಾಮ?’ ಎಂದು ಅವಳು ಕೇಳಿದಾಗ ಮಾತ್ರ ಉತ್ತರ ಹೊಳೆಯದೆ ನಿಘಂಟುಗಳ ಮೊರೆಹೋಗಬೇಕಾಯಿತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. 2011ರಲ್ಲಿ ‘ರನ್’ ಪರಿಷ್ಕರಣೆಗೊಂಡು, 645 ಅರ್ಥಗಳೊಂದಿಗೆ ಆ ಹಿರಿಮೆಯನ್ನು ಪಡೆಯಿತು. ಈ ಸಂಖ್ಯೆಯನ್ನು ಕಂಡು ಕಲಿಯುವವರು ಹೆದರಬೇಕಿಲ್ಲ. ಅರ್ಥಗಳ ಎಣಿಕೆಗಿಂತ ಈ ಪದದ ಹುಟ್ಟೇ ಹೆಚ್ಚು ಉಪಯುಕ್ತವೆಂದು ನನಗನ್ನಿಸಿತು.

ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಧಾತುವಿಗೆ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಇದರ ಪ್ರೇರಣಾರ್ಥಕ ರೂಪ, ಅಂದರೆ ಓಡಿಸು ಎಂಬರ್ಥದ್ದು, ಬೇರೆಯಾಗಿಯೇ ಇತ್ತು. ಕಾಲಾಂತರದಲ್ಲಿ ಇವೆರಡೂ ಬೆರೆತು ‘ರನ್’ ಎಂಬ ಒಂದೇ ಪದವಾದವು. ಜರ್ಮನ್ ಭಾಷೆಯಲ್ಲಾದರೋ ಹರಿಯುವುದಕ್ಕೆ ‘ರಿನ್ನೆನ್’, ಓಡುವುದಕ್ಕೆ ‘ರೆನ್ನೆನ್’ ಎಂಬ ಭೇದ ಇಂದಿಗೂ ಉಳಿದಿದೆ. ಕನ್ನಡದಲ್ಲಿ ‘ಇಸು’ ಪ್ರತ್ಯಯವು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ವಾಕ್ಯದ ರಚನೆಯೇ ಮಾಡುತ್ತದೆ: ‘ರನ್’ ಕರ್ಮವಿಲ್ಲದೆ ಬಂದರೆ ಬಸ್ಸು ಓಡುತ್ತದೆ, ಕರ್ಮದೊಡನೆ ಬಂದರೆ ಸಂಸ್ಥೆಯೊಂದು ಬಸ್ಸನ್ನು ಓಡಿಸುತ್ತದೆ. ನನ್ನ ಸೊಸೆಯಂತಹ ಹುಡುಗಿ ಎಡವಿದ್ದು ಇಲ್ಲಿಯೇ, ಏಕೆಂದರೆ ಅವಳು ಹುಡುಕುತ್ತಿದ್ದ ‘ಇಸು’ ಇಂಗ್ಲಿಷಿನ ಪದದೊಳಗೆ ಎಲ್ಲಿಯೂ ಕಣ್ಣಿಗೆ ಬೀಳುವಂತಿರಲಿಲ್ಲ.

ಇನ್ನು ‘ರನ್’ಗೆ ಕನ್ನಡದಲ್ಲಿ ಹತ್ತಿರದ ಸಂಬಂಧಿ ಯಾವುದೆಂದು ಕೇಳಿದರೆ, ‘ಓಡು’ ಎನ್ನುವ ಮೊದಲು ‘ಹರಿ’ಯನ್ನು ನೆನೆಯುವುದು ಒಳ್ಳೆಯದು. ಹಳಗನ್ನಡದ ‘ಪರಿ’ಗೆ ಪ್ರವಹಿಸುವುದು, ಓಡುವುದು ಎಂಬ ಎರಡೂ ಅರ್ಥಗಳಿದ್ದವು; ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಗಿ ಅದು ‘ಹರಿ’ಯಾಯಿತು. ಇಂದು ಅದರಿಂದ ಓಟದ ಅರ್ಥ ಬಹುಪಾಲು ಜಾರಿಹೋಗಿದ್ದರೂ, ‘ಲಾರಿ ಹರಿದು ಪಾದಚಾರಿ ಸಾವು’ ಎಂಬ ಪತ್ರಿಕೆಯ ತಲೆಬರಹದಲ್ಲಿ ಅದು ಜೀವಂತವಾಗಿದೆ, ಮತ್ತು ಅಲ್ಲಿ ಇಂಗ್ಲಿಷಿನವರು ಬಳಸುವುದು ‘ರನ್ ಓವರ್’ ಎಂಬುದನ್ನೇ. ನದಿ ಹರಿಯುವಲ್ಲಿಯೂ ಪುಟದ ಮೇಲೆ ದೃಷ್ಟಿ ಹರಿಸುವಲ್ಲಿಯೂ ಇವೆರಡು ಪದಗಳು ಜೊತೆಯಾಗಿಯೇ ಹೋಗುತ್ತವೆ. ಬಟ್ಟೆ ಹರಿಯುವ ‘ಹರಿ’ಯ ದಾರಿ ಬೇರೆ, ಅದನ್ನು ಇಲ್ಲಿಗೆ ಎಳೆದು ತರಬಾರದು.

ಎಲ್ಲ ಬಳಕೆಗಳೂ ಹೀಗೆ ಹೊಂದಿಕೊಳ್ಳುವುದಿಲ್ಲ. ನೆಗಡಿಯಾದಾಗ ನಮ್ಮ ಮೂಗು ಸೋರುತ್ತದೆ, ಒಗೆದ ಸೀರೆ ಬಣ್ಣ ಬಿಡುತ್ತದೆ, ಮನೆಯಲ್ಲಿ ಹಾಲು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ರನ್’ ಬರಬಹುದು. ಸಿನಿಮಾ ನೂರು ದಿನ ಓಡಿತೆಂದು ಹೇಳುವಾಗ ಮಾತ್ರ ನಾವೂ ಅವರ ಹಾಗೆಯೇ ಓಡಿಸುತ್ತೇವೆ.

ಚುನಾವಣೆಯ ವಿಷಯದಲ್ಲಿ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ಅಮೆರಿಕದ ಅಭ್ಯರ್ಥಿ ಅಧ್ಯಕ್ಷ ಪದವಿಗಾಗಿ ‘ರನ್’ ಮಾಡಿದರೆ, ಬ್ರಿಟನ್ನಿನ ಅಭ್ಯರ್ಥಿ ಸಾಮಾನ್ಯವಾಗಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಾವೂ ಚುನಾವಣೆಗೆ ನಿಲ್ಲುವವರೇ. ಇದನ್ನು ಸೊಸೆಗೆ ವಿವರಿಸಿದಾಗ ಅವಳು, ‘ನಿಂತವರು ಗೆಲ್ಲುವುದು ಹೇಗೆ, ಮಾಮ?’ ಎಂದು ಕೇಳಿ ಪುಸ್ತಕ ಮುಚ್ಚಿದಳು.