ಬಾಯಿ ಒಣಗುವ ಪ್ರಶ್ನೆ

ಇವತ್ತು ಆಸ್ಪತ್ರೆ ಸಿಬ್ಬಂದಿಗೆ ಕೊಡಲಿರುವ ಡಾಸ್-21ರ (ಖಿನ್ನತೆ, ಆತಂಕ, ಒತ್ತಡ ಅಳೆಯುವ 21 ಪ್ರಶ್ನೆಗಳ ಪಟ್ಟಿ) ಕನ್ನಡ ಅನುವಾದ ಓದುವಾಗ ಎರಡನೇ ಪ್ರಶ್ನೆಯಲ್ಲೇ ಕಣ್ಣು ನಿಂತಿತು. ಕಳೆದ ಒಂದು ವಾರದಲ್ಲಿ ಬಾಯಿ ಒಣಗಿದಂತೆ ಆಗಿತ್ತಾ?

ಆತಂಕ ಅಳೆಯುವ ಏಳು ಪ್ರಶ್ನೆಗಳಲ್ಲಿ ಇದೂ ಒಂದು. ಅಂಕ 0ಯಿಂದ 3.

ಎನ್-95 ಮಾಸ್ಕ್ ಹಾಕಿ, ನೀರು ಕುಡಿಯದೆ ಐಸಿಯು ಪಾಳಿ ಮುಗಿಸಿದ ನರ್ಸ್‌ಗೆ ಬಾಯಿ ಒಣಗದೆ ಇನ್ನೇನು? ಅವರು 3 ಹಾಕಿದರೆ ಅದು ಆತಂಕವೋ, ಬಾಯಾರಿಕೆಯೋ? ಮೂಲ 42 ಪ್ರಶ್ನೆಗಳ ಪಟ್ಟಿಯಾದ ಡಾಸ್-42ಕ್ಕೆ ಹೊಂದಿಸಲು ಮೊತ್ತವನ್ನು ಎರಡರಿಂದ ಗುಣಿಸ್ತೀವಿ. ಆ 3 ಕೊನೆಗೆ 6 ಆಗುತ್ತೆ. ಆತಂಕದಲ್ಲಿ 8ಕ್ಕೇ 'ಸೌಮ್ಯ' ಶುರು!

ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ) 0.8 ದಾಟಿತು ಅಂತ ಸಮಾಧಾನಪಟ್ಟರೆ ಇದು ಕಾಣೋದೇ ಇಲ್ಲ. ಯಾವ ಪ್ರಶ್ನೆಗಳು ಒಟ್ಟಿಗೆ ಗುಂಪಾಗುತ್ತವೆ ಅಂತ ತೋರಿಸುವ ಅಂಶ ವಿಶ್ಲೇಷಣೆಯಲ್ಲಿ ಈ ಪ್ರಶ್ನೆಯ ಲೋಡಿಂಗ್, ಅಂದರೆ ಆತಂಕದ ಗುಂಪಿಗೆ ಅದು ಎಷ್ಟು ಅಂಟಿಕೊಂಡಿದೆ ಅನ್ನೋದನ್ನ, ಬೇರೆಯಾಗಿ ನೋಡಬೇಕು. ಅದಕ್ಕೂ ಮೊದಲು ನರ್ಸ್, ಲ್ಯಾಬ್ ಟೆಕ್ನಿಶಿಯನ್, ಸ್ವಚ್ಛತಾ ಸಿಬ್ಬಂದಿ ಎಲ್ಲರ ಪಕ್ಕ ಕೂತು, "ಇದನ್ನ ಓದಿದಾಗ ಏನು ನೆನಪಾಯ್ತು?" ಅಂತ ಕೇಳಬೇಕು. ಉತ್ತರ ಅಲ್ಲೇ ಸಿಗುತ್ತೆ.

ಹಾಂ, ಹಾಳೆಯಲ್ಲಿ ಹೆಸರು ಬೇಡ. ತುಂಬಿದ ಹಾಳೆ ವಾರ್ಡ್ ಮೇಲ್ವಿಚಾರಕರ ಕೈಗೂ ಹೋಗಬಾರದು. ಕೆಲಸಕ್ಕೆ ಕುತ್ತು ಬರುತ್ತೆ ಅನ್ನೋ ಭಯ ಇದ್ದರೆ ಸಾಲುಸಾಲು ಸೊನ್ನೆ ಬರುತ್ತೆ. ಅಂಟಿಸಿದ ಲಕೋಟೆ, ಬೀಗ ಹಾಕಿದ ಪೆಟ್ಟಿಗೆ, ಅಷ್ಟು ಸಾಕು.